ಚಪ್ಪಾಳೆ ಇರಲಿ, ತಪ್ಪು ಹೇಳಿ

ನಮ್ಮ ಸಭೆಗಳಲ್ಲಿ ಭಾಷಣಕಾರರಿಗೆ ಎದುರಿಗೆ ಸಿಗುವುದು ಹಾರ, ಶಾಲು ಮತ್ತು ‘ಬಹಳ ಚೆನ್ನಾಗಿ ಮಾತಾಡಿದಿರಿ’ ಎಂಬ ಹೊಗಳಿಕೆ. ‘ಏನ್ ಕೊರೆದ ಮಾರಾಯ’ ಎಂಬುದು ಬೆನ್ನ ಹಿಂದಿನ ಮಾತು. ‘ಇನ್ನೆರಡೇ ಮಾತು ಹೇಳಿ ಮುಗಿಸುತ್ತೇನೆ’ ಎಂದು ಅರ್ಧ ಗಂಟೆ ಎಳೆದವರಿಗೆ ಸಂಘಟಕರು ಚೀಟಿ ಕಳಿಸಿಯಾರು. ಎಲ್ಲಿ ಎಳೆದಿರಿ ಎಂದು ಮುಖಕ್ಕೆ ಹೇಳುವವರು ಯಾರೂ ಇಲ್ಲ. ಭಾಷಣ ಕ್ಲಬ್ ಸೇರುವುದಾದರೆ ಆ ಒಂದು ಮಾತು ಕೇಳಿಸಿಕೊಳ್ಳಲಿಕ್ಕಾಗಿಯೇ ಸೇರಬೇಕು.

ಇಂಥ ಕ್ಲಬ್‌ಗಳಲ್ಲಿ ಹೆಸರಾದದ್ದು ಟೋಸ್ಟ್‌ಮಾಸ್ಟರ್ಸ್. ಅಮೆರಿಕದ ವೈಎಂಸಿಎ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದ ರಾಲ್ಫ್ ಸ್ಮೆಡ್ಲಿ, ಅಲ್ಲಿಗೆ ಬರುವ ಹುಡುಗರಿಗೆ ನಾಲ್ಕು ಜನರೆದುರು ನಿಂತು ಮಾತಾಡಲು ಬರುವುದಿಲ್ಲವೆಂಬುದನ್ನು ಗಮನಿಸಿ 1905ರಲ್ಲೇ ಪ್ರಯೋಗ ಶುರು ಮಾಡಿದ್ದರು. ಅದು ನೆಲೆ ನಿಂತದ್ದು 1924ರ ಅಕ್ಟೋಬರ್ 22ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಆನಾದ ವೈಎಂಸಿಎ ನೆಲಮಾಳಿಗೆಯಲ್ಲಿ. ಹೆಂಗಸರಿಗೆ ಸದಸ್ಯತ್ವ ಕೊಡಲು ಮಾತ್ರ 1973ರವರೆಗೆ ಕಾಯಿಸಿದರು! ಇಂದು ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲೂ ಇದರ ಕ್ಲಬ್‌ಗಳಿವೆ.

ಅಲ್ಲಿ ಗಡಿಯಾರದ್ದೇ ಯಜಮಾನಿಕೆ. ಸಿದ್ಧಪಡಿಸಿಕೊಂಡು ಬಂದ ಭಾಷಣಕ್ಕೆ ಸಾಮಾನ್ಯವಾಗಿ ಐದರಿಂದ ಏಳು ನಿಮಿಷ. ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ಕಾರ್ಡ್. ಆಶುಭಾಷಣದಂಥ ‘ಟೇಬಲ್ ಟಾಪಿಕ್ಸ್’ನಲ್ಲಿ ಎದ್ದು ನಿಂತ ಮೇಲೆಯೇ ವಿಷಯ ಗೊತ್ತಾಗುವುದು; ಒಂದೆರಡು ನಿಮಿಷದಲ್ಲಿ ಮುಗಿಸಬೇಕು. ಮಾತಿನ ನಡುವೆ ನುಸುಳುವ ‘ಆಂ’, ‘ಉಂ’ಗಳನ್ನು ಎಣಿಸಲಿಕ್ಕೇ ಒಬ್ಬರು ಕುಳಿತಿರುತ್ತಾರೆ. ನಮ್ಮಲ್ಲಾದರೆ ಅವರ ಪಟ್ಟಿಗೆ ‘ಏನಂದ್ರೆ’, ‘ಆಮೇಲೆ’, ‘ಆ್ಯಕ್ಚುಲಿ’ಗಳೂ ಸೇರುತ್ತವೆ. ಎಷ್ಟು ಸಲ ಹೇಳಿದಿರಿ ಎಂಬ ಲೆಕ್ಕ ಕೊನೆಯಲ್ಲಿ ಎಲ್ಲರೆದುರು ಓದಿದಾಗ ಮುಜುಗರವಾಗುತ್ತದೆ. ಆಗಲಿ. ಮುಂದಿನ ಸಲ ‘ಏನಂದ್ರೆ’ ನಾಲಿಗೆಯ ತುದಿಗೆ ಬಂದಾಗ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ.

ಕ್ಲಬ್ಬಿನ ಜೀವ ಇರುವುದು ‘ಇವ್ಯಾಲ್ಯುಯೇಷನ್’ನಲ್ಲಿ. ಒಬ್ಬೊಬ್ಬ ಭಾಷಣಕಾರನಿಗೂ ಒಬ್ಬ ವಿಮರ್ಶಕ. ಅವನಿಗೂ ಎರಡು ಮೂರು ನಿಮಿಷವಷ್ಟೇ. ಒಳ್ಳೆಯ ವಿಮರ್ಶಕ ‘ಆತ್ಮವಿಶ್ವಾಸ ಸಾಲದು’ ಎಂದು ತೇಲಿಸಿ ಹೋಗುವುದಿಲ್ಲ. ‘ಅಪ್ಪನ ಸೈಕಲ್ಲಿನ ಪ್ರಸಂಗ ಚೆನ್ನಾಗಿತ್ತು, ಆದರೆ ಅದು ಬಂದದ್ದು ಐದನೇ ನಿಮಿಷಕ್ಕೆ, ಅದರಿಂದಲೇ ಶುರು ಮಾಡಿ. ಎಡಗಡೆ ಕೂತವರತ್ತ ನೀವು ಒಮ್ಮೆಯೂ ನೋಡಲಿಲ್ಲ’ ಎನ್ನುತ್ತಾನೆ. ಹೀಗೆ ಹೇಳಬೇಕಾದರೆ ಅವನೂ ಕಿವಿಗೊಟ್ಟು ಕೇಳಿರಬೇಕಲ್ಲ! ಮಾತಾಡಿ ಕಲಿಯುವುದಕ್ಕಿಂತ ವಿಮರ್ಶೆ ಮಾಡುತ್ತ ಕಲಿಯುವುದೇ ಹೆಚ್ಚೆಂಬುದು ನನ್ನ ಅಭಿಪ್ರಾಯ.

ಹೀಗೆ ಎದುರಿಗೇ ತಪ್ಪು ಹಿಡಿಯುವುದು ಕರಾವಳಿಯವರಿಗೆ ತೀರಾ ಹೊಸತೆನಿಸಲಾರದು. ಅಲ್ಲಿನ ಯಕ್ಷಗಾನ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಹಾಡುವ ಭಾಗವತರ ಪದ ಮುಗಿದೊಡನೆ, ಪಾತ್ರವಾಗಿ ಮಾತಾಡುವ ಅರ್ಥಧಾರಿ ಮಾತು ಕಟ್ಟಬೇಕು. ವಾದದಲ್ಲಿ ಸಡಿಲವಿದ್ದರೆ ಎದುರಿಗೆ ಕೂತ ಅರ್ಥಧಾರಿ ಅಲ್ಲೇ ಹಿಡಿಯುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹೆಸರಾಂತ ಅರ್ಥಧಾರಿಗಳು ಬೆಳೆದದ್ದು ಇಂಥ ಮರುಮಾತಿನ ಎದುರಿನಲ್ಲಿ.

ಕ್ಲಬ್ಬುಗಳಲ್ಲಿ ಕೊರತೆ ಇಲ್ಲವೆಂದಲ್ಲ. ಕೆಲವೆಡೆ ಎಲ್ಲರದೂ ಒಂದೇ ಅಚ್ಚಿನ ಮಾತು, ಒಂದೇ ಬಗೆಯ ಕೈಸನ್ನೆ, ಅಳೆದು ಕೊಟ್ಟ ಮೌನ. ಮಾತಿನ ಸರಕನ್ನಂತೂ ಯಾವ ಕ್ಲಬ್ಬೂ ಕೊಡಲಾರದು. ಅದಕ್ಕೆ ಓದು ಬೇಕು, ಊರು ಸುತ್ತಬೇಕು. ಹೊಗಳಿಕೆಯ ವಿನಿಮಯವೇ ನಡೆಯುವ ಕ್ಲಬ್ಬಾದರೆ ಶಾಲು ಹೊದಿಸುವ ಸಭೆಗೂ ಅದಕ್ಕೂ ವ್ಯತ್ಯಾಸವೇನು?

ಆದ್ದರಿಂದ ಹಣ ಕಟ್ಟುವ ಮೊದಲು ಅತಿಥಿಯಾಗಿ ಹೋಗಿ ನೋಡಿ. ಕಂಪನಿಗಳ ಒಳಗೆ ನಡೆಯುವ ಎಷ್ಟೋ ಕ್ಲಬ್ಬುಗಳು ಅಲ್ಲಿನ ನೌಕರರಿಗಷ್ಟೇ. ಹೊರಗಿನವರನ್ನು ಕರೆಯುವಂಥದ್ದನ್ನು ಹುಡುಕಿ. ಭಾಷಣಗಳಿಗಿಂತ ವಿಮರ್ಶೆಗಳನ್ನು ಗಮನಿಸಿ. ಹತ್ತಿರದಲ್ಲಿ ಅಂಥದ್ದಿಲ್ಲವೆಂದರೆ ಗ್ರಂಥಾಲಯದ ಕೋಣೆಯಲ್ಲೋ ಶಾಲೆಯ ಜಗಲಿಯಲ್ಲೋ ಎಂಟು ಹತ್ತು ಜನ ಸೇರಿ ಕನ್ನಡದಲ್ಲೇ ಶುರು ಮಾಡಿ. ಒಂದು ಗಡಿಯಾರವೂ ದಾಕ್ಷಿಣ್ಯ ಬಿಟ್ಟು ಮಾತಾಡುವ ಒಬ್ಬ ಗೆಳೆಯನೂ ಇದ್ದರೆ ಸಾಕು.