ಸರಾಸರಿ ಮರೆಮಾಡಿದ ಜಿಲ್ಲೆಗಳು

ಹೈದರಾಬಾದ್ ಬಳಿಯ ಶಂಶಾಬಾದ್‌ನ ವಿಮಾನ ನಿಲ್ದಾಣ 2008ರ ಮಾರ್ಚ್‌ನಲ್ಲಿ ಶುರುವಾಯಿತು. ಬೀದರ್, ಯಾದಗಿರಿ, ರಾಯಚೂರಿನವರಿಗೆ ಬೆಂಗಳೂರಿನ ನಿಲ್ದಾಣಕ್ಕಿಂತ ಇದೇ ಎಷ್ಟೋ ಹತ್ತಿರ. ಈ ನಂಟು ವಿಮಾನಕ್ಕಿಂತ ಹಳೆಯದು: 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು. ನಿಜಾಮನ ಆಳ್ವಿಕೆಯಿಂದ ಹೊರಬಂದ ಕನ್ನಡದ ಭಾಗ ಹಿಂದುಳಿಯಿತು, ತೆಲಂಗಾಣದ ಭಾಗ ಮುಂದೆ ಹೋಯಿತು ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಅದನ್ನು ಒರೆಗೆ ಹಚ್ಚಲು 2011ರ ಜನಗಣತಿಯ ಸಾಕ್ಷರತೆಯ ಅಂಕಿಗಳಿವೆ. ಆಗಿನ ತೆಲಂಗಾಣದ ಹತ್ತು ಜಿಲ್ಲೆಗಳ ಶೇಕಡಾವಾರು ಪ್ರಮಾಣವನ್ನು ಪೂರ್ಣಾಂಕಕ್ಕೆ ತಂದು, ಕೂಡಿ ಹತ್ತರಿಂದ ಭಾಗಿಸಿದರೆ 65.5 ಬರುತ್ತದೆ. ಸಂವಿಧಾನದ 371ಜೆ ವಿಧಿಯಡಿ ಬಂದ ಕನ್ನಡದ ಆಗಿನ ಆರು ಜಿಲ್ಲೆಗಳಲ್ಲಿ, ಅಂದರೆ ಹಿಂದೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯನ್ನೂ ಸೇರಿಸಿಕೊಂಡರೆ, 63.8. ಇಲ್ಲಿಗೇ ನಿಂತರೆ ಆ ಮಾತು ನಿಜವೆಂದೇ ತೋರುತ್ತದೆ. ಇಲ್ಲಿಗೇ ನಿಲ್ಲಬಾರದು ಎಂಬುದು ನನ್ನ ವಾದ.

ಸರಾಸರಿ ತೆಗೆಯುವ ಮೊದಲು ಇದ್ದಬದ್ದ ಅಂಕಿಗಳನ್ನೆಲ್ಲ ಕಣ್ಣಿಗೆ ಕಾಣುವಂತೆ ಜೋಡಿಸಿಕೊಳ್ಳುವ ಸುಲಭದ ದಾರಿಯೊಂದಿದೆ. ಅದೇ ಕಾಂಡ-ಎಲೆ ನಕ್ಷೆ. ಪ್ರತಿ ಸಂಖ್ಯೆಯನ್ನೂ ಎರಡು ಭಾಗ ಮಾಡಬೇಕು: ಹತ್ತರ ಸ್ಥಾನದ ಅಂಕಿ ಕಾಂಡ, ಬಿಡಿ ಸ್ಥಾನದ ಅಂಕಿ ಎಲೆ. ರಾಯಚೂರಿನ 59.56ನ್ನು 60 ಎಂದು ಪೂರ್ಣಾಂಕಕ್ಕೆ ತಂದರೆ ಕಾಂಡ 6, ಎಲೆ 0. ಬಳ್ಳಾರಿಯ 67ಕ್ಕೂ ಕಾಂಡ 6. ಆದ್ದರಿಂದ ಅದರ ಎಲೆಯಾದ 7 ಅದೇ ಸಾಲಿಗೆ ಹೋಗುತ್ತದೆ. ಕಾಂಡಗಳನ್ನು ಒಂದರ ಕೆಳಗೊಂದು ಬರೆದು, ಎಲೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಪಕ್ಕದಲ್ಲಿ ಇಡುತ್ತಾ ಹೋದರೆ ಕೆಲಸ ಮುಗಿಯಿತು. ಎರಡು ಗುಂಪುಗಳನ್ನು ಹೋಲಿಸಬೇಕಾದರೆ ಕಾಂಡವನ್ನು ನಡುವೆ ನಿಲ್ಲಿಸಿ, ಒಂದು ಗುಂಪಿನ ಎಲೆಗಳನ್ನು ಎಡಕ್ಕೂ ಇನ್ನೊಂದರದ್ದನ್ನು ಬಲಕ್ಕೂ ಬರೆಯಬೇಕು. ಎಡಗಡೆಯ ಎಲೆಗಳನ್ನು ಕಾಂಡದಿಂದ ಹೊರಕ್ಕೆ ಓದಿಕೊಳ್ಳಬೇಕು, ಅಷ್ಟೇ. ಕೆಳಗೆ ಎಡಕ್ಕಿರುವುದು ತೆಲಂಗಾಣ, ಬಲಕ್ಕಿರುವುದು ಕಲ್ಯಾಣ ಕರ್ನಾಟಕ, ಅಂದರೆ ಮೇಲೆ ಹೇಳಿದ ಕನ್ನಡದ ಆರು ಜಿಲ್ಲೆಗಳು.

5 | 5 | 2
5 5 4 4 1 1 1 | 6 | 0 5 7 8
6 | 7 | 1
3 | 8 |

ಈ ನಾಲ್ಕು ಸಾಲುಗಳನ್ನು ನಿಧಾನವಾಗಿ ನೋಡಿ. ತೆಲಂಗಾಣದ ಏಳು ಜಿಲ್ಲೆಗಳು 61ರಿಂದ 65ರೊಳಗೆ ಒತ್ತೊತ್ತಾಗಿ ಕೂತಿವೆ. ಅವುಗಳಿಂದ ದೂರ, ಕೆಳಗಿನ ಸಾಲುಗಳಲ್ಲಿ ಒಂಟಿಯಾಗಿ ನಿಂತಿರುವ 76 ಮತ್ತು 83 ಯಾವುವು? ಮೊದಲನೆಯದು ಶಂಶಾಬಾದ್ ಇರುವ ರಂಗಾರೆಡ್ಡಿ ಜಿಲ್ಲೆ, ಎರಡನೆಯದು ಹೈದರಾಬಾದ್. ಇವೆರಡನ್ನು ಬಿಟ್ಟು ಲೆಕ್ಕ ಹಾಕಿದರೆ ತೆಲಂಗಾಣದ ಸರಾಸರಿ 62ಕ್ಕೆ ಇಳಿಯುತ್ತದೆ. ಬಲಗಡೆ ಇದರ ತದ್ವಿರುದ್ಧ: ಯಾದಗಿರಿಯ 52 ಒಂದೇ ಇಡೀ ಗುಂಪನ್ನು ಕೆಳಕ್ಕೆ ಜಗ್ಗುತ್ತಿದೆ. ಎಲೆಗಳು ಈಗಾಗಲೇ ಕ್ರಮವಾಗಿರುವುದರಿಂದ ಮಧ್ಯಾಂಕವನ್ನೂ (ನಟ್ಟನಡುವಿನ ಅಂಕಿ; ನಡುವೆ ಎರಡಿದ್ದರೆ ಅವುಗಳ ಸರಾಸರಿ) ಬೆರಳಿಟ್ಟು ಎಣಿಸಬಹುದು. ತೆಲಂಗಾಣದ ಮಧ್ಯಾಂಕ 64, ಕನ್ನಡದ ಆರು ಜಿಲ್ಲೆಗಳದ್ದು 66. ಸರಾಸರಿಯಲ್ಲಿ ಹಿಂದಿದ್ದವರು ಮಧ್ಯಾಂಕದಲ್ಲಿ ಮುಂದಾದರು! ಯಾವ ಅಂಕಿಯೂ ಬದಲಾಗಲಿಲ್ಲ. ಒಂದು ಭಾಗದ ಸರಾಸರಿಯನ್ನು ಮಹಾನಗರವೊಂದು ಎತ್ತಿ ಹಿಡಿದಿತ್ತು, ಅಂಥ ನಗರವಿಲ್ಲದ ಇನ್ನೊಂದು ಭಾಗವನ್ನು ತೀರಾ ಬಡ ಜಿಲ್ಲೆಯೊಂದು ಎಳೆದಿತ್ತು. ಇದು ‘ನಾವು ಹಿಂದುಳಿದವರು’ ಎಂಬ ಒಂದು ಸಾಲಿನ ತೀರ್ಪಿಗಿಂತ ಬೇರೆಯದೇ ಕಥೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಆಗಿನ ರಂಗಾರೆಡ್ಡಿಯಲ್ಲಿ 50 ಲಕ್ಷಕ್ಕೂ ಹೆಚ್ಚು ಜನ, ಯಾದಗಿರಿಯಲ್ಲಿ 12 ಲಕ್ಷವೂ ಇಲ್ಲ. ಎರಡಕ್ಕೂ ಒಂದೊಂದೇ ಎಲೆ ಕೊಡುವುದು ಯಾವ ನ್ಯಾಯ? ಮಾತು ಸರಿ. ಎಷ್ಟು ಜನ ಓದುಬಲ್ಲರು ಎಂಬುದು ಪ್ರಶ್ನೆಯಾದರೆ ತಲೆ ಎಣಿಸಿಯೇ ಲೆಕ್ಕ ಹಾಕಬೇಕು, ಅದಕ್ಕೆ ಈ ನಕ್ಷೆ ಸಾಲದು. ಆದರೆ ಯಾವ ಜಿಲ್ಲೆಗೆ ಮೊದಲು ಶಾಲೆ, ಶಿಕ್ಷಕರು, ಅನುದಾನ ಹೋಗಬೇಕು ಎಂಬುದು ಪ್ರಶ್ನೆಯಾದಾಗ ಜಿಲ್ಲೆಯೇ ಘಟಕ. ಅಲ್ಲಿ ಯಾದಗಿರಿಯ ಎಲೆ ಚಿಕ್ಕದೆಂದು ಅಳಿಸಿಹಾಕುವಂತಿಲ್ಲ. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಪ್ರತಿ ಎಲೆಯೂ ತನ್ನೊಳಗೊಂದು ಸರಾಸರಿಯೇ. ಯಾದಗಿರಿ ಕಲಬುರಗಿಯಿಂದ ಬೇರೆಯಾದದ್ದು 2009ರ ಕೊನೆಯಲ್ಲಿ. ಆಗ ಬೇರೆಯಾಗದಿದ್ದರೆ 65 ಮತ್ತು 52 ಎಂಬ ಎರಡು ಎಲೆಗಳ ಜಾಗದಲ್ಲಿ ಸುಮಾರು 61 ಎಂಬ ಒಂದೇ ಎಲೆ ಇರುತ್ತಿತ್ತು, ಯಾದಗಿರಿಯ ಕಷ್ಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ರಂಗಾರೆಡ್ಡಿಯದ್ದೂ ಅದೇ. 2016ರ ಅಕ್ಟೋಬರ್‌ನಲ್ಲಿ ಅದು ಮೂರು ಹೋಳಾಯಿತು. 2011ರದ್ದೇ ಅಂಕಿಗಳನ್ನು ಹೊಸ ಗಡಿಗೆ ಹೊಂದಿಸಿದರೆ ಮೇಡ್ಚಲ್-ಮಲ್ಕಾಜ್‌ಗಿರಿ ಸುಮಾರು 82, ಶಂಶಾಬಾದ್ ಉಳಿದುಕೊಂಡ ರಂಗಾರೆಡ್ಡಿ 72, ವಿಕಾರಾಬಾದ್ 58. ಮೂರರಲ್ಲಿ ಯಾವುದೂ 76ರ ಹತ್ತಿರ ಸುಳಿಯುವುದಿಲ್ಲ.

ಕಂಪ್ಯೂಟರ್ ಕ್ಷಣದಲ್ಲಿ ಬಣ್ಣದ ನಕ್ಷೆ ಬಿಡಿಸಿಕೊಡುವಾಗ ಪೆನ್ನು ಹಿಡಿದು ಇದನ್ನೇಕೆ ಬರೆಯಬೇಕು ಎಂದೂ ಕೇಳಬಹುದು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1977ರ ತಮ್ಮ ಪುಸ್ತಕದಿಂದ ಈ ವಿಧಾನವನ್ನು ಜನಪ್ರಿಯಗೊಳಿಸಿದ್ದೇ ಕೈಬರಹದ ಸಾಧನವಾಗಿ. ಕಂಬದ ನಕ್ಷೆಯಲ್ಲಿ ‘60ರಿಂದ 69ರೊಳಗೆ ಏಳು ಜಿಲ್ಲೆಗಳಿವೆ’ ಎಂದಷ್ಟೇ ಗೊತ್ತಾಗುತ್ತದೆ, ಆ ಏಳು ಅಂಕಿಗಳು ಯಾವುವು ಎಂಬುದು ಕಳೆದುಹೋಗುತ್ತದೆ. ಇಲ್ಲಿ ಸಾಲಿನ ಉದ್ದ ಕಂಬದ ಕೆಲಸವನ್ನೂ ಮಾಡುತ್ತದೆ, ಅಂಕಿಗಳೂ ಹಾಗೇ ಉಳಿಯುತ್ತವೆ. ಜಪಾನಿನ ರೈಲು ನಿಲ್ದಾಣಗಳ ವೇಳಾಪಟ್ಟಿ ಇದೇ ರೀತಿಯದು: ಗಂಟೆ ಕಾಂಡ, ನಿಮಿಷಗಳು ಎಲೆ; ದಟ್ಟಣೆಯ ಹೊತ್ತು ಯಾವುದೆಂದು ಸಾಲಿನ ಉದ್ದವೇ ಹೇಳುತ್ತದೆ. ಸಾವಿರಾರು ಅಂಕಿಗಳಿದ್ದರೆ ಈ ವಿಧಾನ ಸೋಲುತ್ತದೆ, ನಿಜ. ಆದರೆ ಒಂದು ತರಗತಿಯ ಅಂಕಗಳು, ಒಂದು ತಾಲ್ಲೂಕಿನ ಶಾಲೆಗಳ ಫಲಿತಾಂಶ, ಒಂದು ವಿಭಾಗದ ಜಿಲ್ಲೆಗಳು ಒಂದು ಹಾಳೆಯಲ್ಲಿ ಹಿಡಿಸುವಷ್ಟೇ ಇರುತ್ತವೆ.

ಆ ಹಾಳೆಯಲ್ಲಿ 50ರ ಸಾಲನ್ನು ಮತ್ತೊಮ್ಮೆ ಗಮನಿಸಬೇಕು. ಎಡಕ್ಕಿರುವ 55 ಹಳೆಯ ಮಹಬೂಬ್‌ನಗರ, ಬಲಕ್ಕಿರುವ 52 ಯಾದಗಿರಿ. ಎರಡೂ ಒಂದಕ್ಕೊಂದು ಅಂಟಿಕೊಂಡ ಜಿಲ್ಲೆಗಳು. ಮಹಬೂಬ್‌ನಗರ ಒಡೆದ ಮೇಲೆ ಯಾದಗಿರಿಯ ಗಡಿಗೆ ಬಂದ ನಾರಾಯಣಪೇಟೆಯದ್ದೂ, ರಾಯಚೂರಿನ ಗಡಿಯ ಗದ್ವಾಲ್‌ನದ್ದೂ 2011ರ ಲೆಕ್ಕದಲ್ಲಿ ಸುಮಾರು 50. ಎರಡು ರಾಜ್ಯಗಳ ವರದಿಗಳನ್ನು ಬೇರೆ ಬೇರೆ ಓದಿದಾಗ ಇವು ಪಟ್ಟಿಯ ತುದಿಯ ಬಿಡಿ ಹೆಸರುಗಳು. ಒಂದೇ ಕಾಂಡದ ಎರಡು ಬದಿಗೆ ಬರೆದಾಗ, ಕನ್ನಡ-ತೆಲುಗಿನ ಗಡಿಯನ್ನು ಲೆಕ್ಕಿಸದೆ ಕೃಷ್ಣಾ-ಭೀಮಾ ಸೀಮೆಯ ಉದ್ದಕ್ಕೂ ಹಬ್ಬಿರುವ ಒಂದೇ ಪಟ್ಟಿಯಾಗಿ ಕಾಣುತ್ತವೆ. 2021ರಲ್ಲಿ ಆಗಬೇಕಿದ್ದ ಜನಗಣತಿ ನಡೆಯದೇ ಹೋಯಿತು. ಮುಂದಿನದರ ಅಂಕಿಗಳು ಬಂದಾಗ ಹೈದರಾಬಾದ್ ಎಷ್ಟು ಏರಿತು ಎಂಬುದಕ್ಕಿಂತ, ಗಡಿಯ ಎರಡೂ ಬದಿಯ ಆ ಎಲೆಗಳು 50ರ ಸಾಲು ಬಿಟ್ಟು ಕದಲಿವೆಯೇ ಎಂಬುದನ್ನು ಮೊದಲು ನೋಡಬೇಕು.