ಮನೆಯ ಹಳೇ ಅಶ್ರಫಿ: ಕರಗಿಸೋಕೆ ಮುಂಚೆ ಇದನ್ನ ಕೇಳಿ

ಆದಿತ್ಯನಗರ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಕೇಳ್ತಿರೋರಿಗೆ ಇವತ್ತಿನ ವಿಷಯ ತುಂಬಾ ಹತ್ತಿರದ್ದು. ಹಳೇ ಪೆಟ್ಟಿಗೆಯಲ್ಲಿ ಚಾರ್‌ಮಿನಾರ್ ಚಿತ್ರದ ಬಂಗಾರದ ನಾಣ್ಯ ಇದ್ದರೆ, ಅದು ಬಹುಶಃ ನಿಜಾಮರ ಅಶ್ರಫಿ.

1948ರವರೆಗೆ ನಮ್ಮ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನಕ್ಕೆ ಸ್ವಂತ ರೂಪಾಯಿ, ಸ್ವಂತ ಟಂಕಸಾಲೆ ಇತ್ತು. ಬಂಗಾರದ ಅಶ್ರಫಿ ಸಂತೆಯಲ್ಲಿ ಓಡಾಡೋ ದುಡ್ಡಲ್ಲ. ಅಧಿಕಾರಿಗಳು, ಜಾಗೀರದಾರರು ದರ್ಬಾರಿನಲ್ಲಿ ನಿಜಾಮರಿಗೆ ನಜರ್ ಅಂತ ಒಪ್ಪಿಸ್ತಿದ್ದದ್ದು ಇದನ್ನೇ.

ಗುರುತಿಸೋದು ಹೇಗೆ? ಪೂರ್ತಿ ಅಶ್ರಫಿ ತೂಕ ಸುಮಾರು 11.18 ಗ್ರಾಂ, ಅದರಲ್ಲಿ 91% ಬಂಗಾರ. ಅರ್ಧ, ಕಾಲು, ಅರೆಕಾಲು ಅಶ್ರಫಿಗಳೂ ಇದ್ದವು. ಚಾರ್‌ಮಿನಾರಿನ ಬಾಗಿಲಲ್ಲಿ ಒಂದು ಉರ್ದು ಅಕ್ಷರ ಇರುತ್ತೆ: 'ಮೀಮ್' ಇದ್ದರೆ ಮಹಬೂಬ್ ಅಲಿ ಖಾನ್ ಕಾಲದ್ದು, 'ಐನ್' ಇದ್ದರೆ ಉಸ್ಮಾನ್ ಅಲಿ ಖಾನ್ ಕಾಲದ್ದು. ಇಸವಿ ಹಿಜರಿಯಲ್ಲಿರುತ್ತೆ. ಹಿಜರಿ ಸಂಖ್ಯೆಯನ್ನ 0.97ರಿಂದ ಗುಣಿಸಿ, 622 ಕೂಡಿಸಿ. 1337 ಅಂತಿದ್ರೆ ಸುಮಾರು 1918-19. 92 ಅನ್ನೋ ಅಂಕಿ ಕಂಡರೆ ಅದು ಇಸವಿಯಲ್ಲ. ಅಬ್ಜದ್ ಲೆಕ್ಕದಲ್ಲಿ 'ಮುಹಮ್ಮದ್' ಹೆಸರಿನ ಅಕ್ಷರಗಳ ಮೊತ್ತ.

ಈಗ ದುಡ್ಡಿನ ಮಾತು. ಕರಗಿಸಿದ್ರೆ ನಿಮಗೆ ಸಿಗೋದು ಸುಮಾರು 10.17 ಗ್ರಾಂ ಶುದ್ಧ ಬಂಗಾರದ ಬೆಲೆ, ಅದರಲ್ಲೂ ಕಡಿತ. ನಾಣ್ಯ ಸಂಗ್ರಾಹಕರು ನೋಡೋದು ಬೇರೆ: ಇಸವಿ ಎಷ್ಟು ಅಪರೂಪ, ಅಕ್ಷರ ಎಷ್ಟು ಸ್ಪಷ್ಟ, ಕೊಂಡಿ ಬೆಸೆದು ಸರಕ್ಕೆ ಹಾಕಿದ್ದಾರಾ ಅನ್ನೋದು. ಅದಕ್ಕೇ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಗೀರು ಬಿದ್ದರೆ ಬೆಲೆ ಇಳಿಯುತ್ತೆ. ಒಬ್ಬರ ಮಾತಿಗೇ ಕೊಡದೆ, ಎರಡು-ಮೂರು ಕಡೆ ಬೆಲೆ ಕೇಳಿ.

ಕಾನೂನೂ ಗೊತ್ತಿರಲಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ, 100 ವರ್ಷ ದಾಟಿದ ನಾಣ್ಯ ಪುರಾವಸ್ತು. ಅದನ್ನ ಖಾಸಗಿಯಾಗಿ ವಿದೇಶಕ್ಕೆ ಸಾಗಿಸೋ ಹಾಗಿಲ್ಲ. ಪಾಯ ತೆಗೆಯುವಾಗ, ಹೊಲ ಉಳುವಾಗ ಸಿಕ್ಕಿದ್ದು ನಿಧಿ. ಅದನ್ನ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು.

ಕೊನೇ ಎಚ್ಚರಿಕೆ. "ನಿಧಿ ಸಿಕ್ಕಿದೆ, ಅರ್ಧ ರೇಟಿಗೆ ಕೊಡ್ತೀವಿ" ಅಂತ ಫೋನ್ ಬಂದ್ರೆ ನಂಬಬೇಡಿ. ಮೊದಲು ಒಂದು ಅಸಲಿ ನಾಣ್ಯ ತೋರಿಸಿ, ಆಮೇಲೆ ಚೀಲದ ತುಂಬಾ ನಕಲಿ ಕೊಡೋದು ಹಳೇ ಆಟ. ಮನೆ ಗ್ರೂಪಿಗೆ ಈ ಎಪಿಸೋಡ್ ಕಳಿಸಿ, ದೊಡ್ಡವರಿಗೂ ಕೇಳಿಸಿ. ಮತ್ತೆ ಸಿಗೋಣ.