ಸಂವೇದಕಗಳ ಯುಗವೂ ಹೂಡಿಕೆದಾರನ ವಿವೇಕವೂ

ದೇಹದ ಉಷ್ಣ, ನಾಡಿಯ ಬಡಿತ, ನಡೆದ ಹೆಜ್ಜೆ ಮುಂತಾದುವನ್ನು ಗ್ರಹಿಸಿ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಪುಟ್ಟ ಸಾಧನವೇ ಸಂವೇದಕ, ಅರ್ಥಾತ್ ಸೆನ್ಸರ್. ಕೈಗಡಿಯಾರದಿಂದ ಮೋಟಾರು ಕಾರಿನವರೆಗೆ ನಾನಾ ಯಂತ್ರಗಳು ಅಂತರಜಾಲದೊಡನೆ ಜೋಡಣೆಗೊಳ್ಳುತ್ತಿರುವಾಗ, ಸಂವೇದಕ ತಯಾರಕರ ಷೇರುಗಳಿಂದ ಲಾಭ ನಿಶ್ಚಿತವೆಂಬ ಭಾವನೆ ಮೂಡುವುದು ಸಹಜ. ಆದರೆ ಬೇಡಿಕೆ ಬೇರೆ, ಲಾಭ ಬೇರೆ.

ಅಮೆರಿಕದ ಇನ್‌ವೆನ್‌ಸೆನ್ಸ್ ಸಂಸ್ಥೆ ಇದಕ್ಕೊಂದು ನಿದರ್ಶನ. ಮೊಬೈಲ್ ಫೋನಿನ ಚಲನೆಯನ್ನು ಗ್ರಹಿಸುವ ಸಂವೇದಕಗಳನ್ನು ತಯಾರಿಸುತ್ತಿದ್ದ ಈ ಸಂಸ್ಥೆಯು 2011ರಲ್ಲಿ ತನ್ನ ಷೇರುಗಳನ್ನು 7.50 ಡಾಲರಿನಂತೆ ಸಾರ್ವಜನಿಕರಿಗೆ ನೀಡಿತು. 2014ರಲ್ಲಿ ಷೇರಿನ ಬೆಲೆ 20 ಡಾಲರನ್ನು ಮೀರಿತು. ಆದರೆ ಅದರ ವ್ಯಾಪಾರವು ಆಪಲ್, ಸ್ಯಾಮ್‌ಸಂಗ್‌ಗಳಂಥ ಕೆಲವೇ ದೊಡ್ಡ ಗಿರಾಕಿಗಳನ್ನು ಅವಲಂಬಿಸಿತ್ತು. 2017ರಲ್ಲಿ ಜಪಾನಿನ ಟಿಡಿಕೆ ಸಂಸ್ಥೆಯು ಷೇರೊಂದಕ್ಕೆ 13 ಡಾಲರಿನಂತೆ ಅದನ್ನು ಕೊಂಡಿತು. ಮೊದಲಿಗೆ ಕೊಂಡು ಕೊನೆಯವರೆಗೂ ಇಟ್ಟುಕೊಂಡವನಿಗೆ ಲಾಭವೇ ಆಯಿತು. ಜನಪ್ರಿಯತೆಗೆ ಮರುಳಾಗಿ 20 ಡಾಲರಿಗೆ ಕೊಂಡವನು ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಕಳೆದುಕೊಂಡನು. ಈ ಅವಧಿಯಲ್ಲೆಲ್ಲ ಸಂವೇದಕಗಳ ಬಳಕೆ ಮಾತ್ರ ಹೆಚ್ಚುತ್ತಲೇ ಇತ್ತು!

ಹೆಜ್ಜೆಯೆಣಿಸುವ ಕೈಪಟ್ಟಿಗಳಿಂದ ಮನೆಮಾತಾದ ಫಿಟ್‌ಬಿಟ್ ಸಂಸ್ಥೆಯ ಕಥೆಯೂ ಇಂಥದೇ. 2015ರಲ್ಲಿ 20 ಡಾಲರಿಗೆ ನೀಡಿದ ಅದರ ಷೇರನ್ನು ಗೂಗಲ್ 2021ರಲ್ಲಿ 7.35 ಡಾಲರಿಗೆ ಕೊಂಡಿತು.

ಆದುದರಿಂದ ಹೂಡಿಕೆದಾರನು ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಸಂಸ್ಥೆಗೆ ಗಿರಾಕಿಗಳೆಷ್ಟು ಮಂದಿ? ಸಾಲವೆಷ್ಟು? ಷೇರಿನ ಬೆಲೆ ಗಳಿಕೆಗೆ ಅನುಗುಣವಾಗಿದೆಯೇ? ಬಂಧುಬಳಗದಿಂದ ದೂರವಿದ್ದು ಮಹಾನಗರದಲ್ಲಿ ಸಂಸಾರ ಸಾಗಿಸುವವರಿಗೆ ಆಪತ್ಕಾಲದಲ್ಲಿ ಕೈಹಿಡಿಯುವುದು ಕೂಡಿಟ್ಟ ಹಣವೇ. ಔಷಧೋಪಚಾರಕ್ಕೂ ಮಕ್ಕಳ ವಿದ್ಯಾಭ್ಯಾಸಕ್ಕೂ ಮೀಸಲಿಟ್ಟುದನ್ನು ಮುಟ್ಟದೆ, ಮಿಕ್ಕುದರಲ್ಲಿ ಅಲ್ಪಾಂಶವನ್ನು ಮಾತ್ರ ಇಂಥ ಷೇರುಗಳಲ್ಲಿ ತೊಡಗಿಸುವುದು ಕ್ಷೇಮಕರ.